ಕೇಳಿದ್ದಕ್ಕಷ್ಟೇ ಉತ್ತರ

೧೧ ಮಾರ್ಚ್ ೨೦೨೪, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಕೆಲಸ ಹೋಗುತ್ತದೆ. ಕನ್ನಡದಲ್ಲಿ ಬರೆದಿಟ್ಟರೆ ಎರಡೂ ಆಗುವುದಿಲ್ಲ. ಗಂಡ ಆಶಿಷ ಕಲಿತದ್ದೆಲ್ಲ ಸೊಲ್ಲಾಪುರದ ಮರಾಠಿ ಶಾಲೆಗಳಲ್ಲಿ. ಮನೆಯಲ್ಲಿ ನನ್ನ ಜೊತೆ ಕನ್ನಡವನ್ನೇ ಆಡುತ್ತಾನೆ, ಆದರೆ ಬಸ್ಸಿನ ಬೋರ್ಡು ಕೂಡ ಓದಲಾರ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ನಾನು ತಿದ್ದಿದ ಅಕ್ಷರ ಕಡೆಗೂ ಒಂದು ಕೆಲಸಕ್ಕೆ ಬಂತು.

ಬೆಳಿಗ್ಗೆ ಸೊಲ್ಲಾಪುರದ ನಮ್ಮ ಗ್ಯಾರೇಜಿಗೆ ಕಸ್ತೂರಬಾಯಿಯವರ ಗಾಡಿ ಬಂದಿತ್ತು. ಗಿರಾಕಿಗಳ ಜೊತೆ ಮಾತಾಡುವ ಟೇಬಲು ನನ್ನದು. ಅಕ್ಕಲಕೋಟೆಯಲ್ಲಿ ಯಾತ್ರಿಕರಿಗಾಗಿ ಲಾಡ್ಜ್ ನಡೆಸುವ ಹೆಂಗಸು. ಏಳು ಸೀಟಿನ ದೊಡ್ಡ ಗಾಡಿ, ಒಳಗೆ ಕೂತರೆ ಬಂಗಲೆಯ ಹಾಲಿನಲ್ಲಿ ಕೂತ ಹಾಗೆ. ವೇಗ ಹೆಚ್ಚಿಸಿದರೆ ಸಿಳ್ಳೆ ಹೊಡೆಯುತ್ತದೆ ಎಂಬುದು ದೂರು. ನಮ್ಮ ಹಿರಿಯ ಮೆಕ್ಯಾನಿಕ್ ಭೀಮಣ್ಣ ಬಿಚ್ಚಿ ನೋಡಿ, ಟರ್ಬೊ ಹೋಗಿದೆ ಎಂದ.

ಟರ್ಬೊ ಎಂದರೇನು ಎಂದು ಗಿರಾಕಿಗಳು ಕೇಳಿದಾಗ ನಾನು ಹೇಳುವುದು ಇಷ್ಟು: ಇಂಜಿನ್ನು ಬಿಡುವ ಹೊಗೆಯ ರಭಸಕ್ಕೆ ತಿರುಗುವ ಸಣ್ಣ ಫ್ಯಾನು ಅದು. ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬುತ್ತದೆ. ಎರಡೂವರೆ ಟನ್ನಿನ ಗಾಡಿ ಕುದುರೆಯ ಹಾಗೆ ಜಿಗಿಯುವುದು ಅದರ ಬಲದಿಂದ. ಹೇಳದೆ ಬಿಡುವುದು ಏನೆಂದರೆ, ಆ ಫ್ಯಾನು ಬದುಕುವುದು ಬೆರಳಿಗಿಂತ ಸಣ್ಣ ಒಂದು ಪೈಪಿನಲ್ಲಿ ಬರುವ ಎಣ್ಣೆಯಿಂದ. ಕಂಪನಿಯ ಪುಸ್ತಕದಲ್ಲಿ ಬರೆದಷ್ಟು ದೂರ ಓಡಿಸಿ ಆಮೇಲೆ ಎಣ್ಣೆ ಬದಲಿಸಿದರೆ, ನಮ್ಮ ಬಿಸಿಲಿಗೂ ಧೂಳಿಗೂ ಆ ಎಣ್ಣೆ ಪೈಪಿನಲ್ಲೇ ಸುಟ್ಟು ಇದ್ದಿಲಾಗುತ್ತದೆ. ಕಸ್ತೂರಬಾಯಿಯವರ ಗಾಡಿಯಲ್ಲಿ ಆಗಿದ್ದು ಅದೇ. ಪೈಪು ಬದಲಿಸದೆ ಹೊಸ ಟರ್ಬೊ ಕೂರಿಸಿದರೆ ವರ್ಷದೊಳಗೆ ಅದೂ ಹೋಗುತ್ತದೆ. ಇದು ಭೀಮಣ್ಣನಿಗೆ ಗೊತ್ತು, ನನಗೆ ಗೊತ್ತು. ಮಾಲಕ ಅಣ್ಣಾರಾಯರಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು.

"ಟರ್ಬೊ ಅಂತಷ್ಟ ಹೇಳ್ರಿ. ಪೈಪಿನ ಸುದ್ದಿ ಬ್ಯಾಡ," ಎಂದರು ಅವರು.

ಸರಿ ಎಂದು ತಲೆಯಾಡಿಸಿ ಹೊರಗೆ ಬಂದೆ. ಕಸ್ತೂರಬಾಯಿ ಸೋಫಾದ ಮೇಲೆ ಕೂತು ಲಾಡ್ಜಿನ ಹುಡುಗನಿಗೆ ಫೋನಿನಲ್ಲಿ ಚಾದರ ಒಗೆಯುವುದನ್ನು ಹೇಳಿಕೊಡುತ್ತಿದ್ದರು. ನನ್ನ ಮುಖ ನೋಡಿ ನಕ್ಕರು. ಎಲ್ಲ ಹೇಳಿಬಿಟ್ಟೆ. ಪೈಪು ಬದಲಿಸಿಕೊಳ್ಳಿ, ಎಣ್ಣೆಯನ್ನು ಪುಸ್ತಕದಲ್ಲಿ ಹೇಳಿದ್ದರ ಅರ್ಧಕ್ಕೇ ಬದಲಿಸಿ, ದೂರದಿಂದ ಬಂದ ಕೂಡಲೇ ಇಂಜಿನ್ ಆರಿಸದೆ ಒಂದು ಗಳಿಗೆ ಸುಮ್ಮನೆ ಓಡಲು ಬಿಡಿ. ಗ್ಯಾರೇಜಿನ ಎಣ್ಣೆ ವಾಸನೆಯಲ್ಲಿ ಆರು ವರ್ಷ ಕಳೆದ ಮೇಲೆ ಇವತ್ತು ಮೊದಲ ಸಲ ನನ್ನ ಕೈಗಳು ಸ್ವಚ್ಛವಾಗಿ ಕಂಡವು.

೧೪ ಮಾರ್ಚ್ ೨೦೨೪, ಗುರುವಾರ

ಕಸ್ತೂರಬಾಯಿ ಅಣ್ಣಾರಾಯರಿಗೆ ಫೋನು ಮಾಡಿ, ನಿಮ್ಮ ಅನುಜಾ ಎಷ್ಟು ಒಳ್ಳೆಯವಳು, ಎಲ್ಲ ಬಿಡಿಸಿ ಹೇಳಿದಳು ಎಂದು ಹೊಗಳಿದ್ದಾರೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅಣ್ಣಾರಾಯರು ದನಿ ಏರಿಸುವವರಲ್ಲ. ಕೂರಲು ಹೇಳಿದರು, ಚಹಾ ತರಿಸಿದರು. ಅಕ್ಕಲಕೋಟೆಯಲ್ಲಿ ಅಪ್ಪ ಅವ್ವ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ, ನಾಳೆಯಿಂದ ನೀವು ಗೇಟಿನ ಹತ್ತಿರ ಕೂತು ಗಾಡಿಗಳಿಗೆ ಪಾಸು ಕೊಡಿ, ನಿಮ್ಮ ಟೇಬಲಿಗೆ ಅಮೃತಪ್ಪ ಬರುತ್ತಾನೆ ಎಂದರು. ಚಹಾ ಪೂರ್ತಿ ಕುಡಿದೆ. ಯಾಕೆ ಕುಡಿದೆನೋ.

೨ ಏಪ್ರಿಲ್ ೨೦೨೪, ಮಂಗಳವಾರ

ಹೋಟಗಿ ರಸ್ತೆಯ ಬಿಸಿಲಿಗೆ ಗೇಟಿನ ತಗಡಿನ ಗೂಡು ತವೆಯಂತೆ ಕಾಯುತ್ತದೆ. ಒಳಗೆ ನಾನು. ದೊಡ್ಡ ಗಾಡಿಗಳವರು ಗಾಜು ಎರಡು ಬೆರಳಿನಷ್ಟು ಇಳಿಸಿ ಕೈ ಚಾಚುತ್ತಾರೆ. ಪಾಸು ಕೊಟ್ಟವರು ಗಂಡಸೋ ಹೆಂಗಸೋ ಎಂದು ನೋಡುವುದೂ ಇಲ್ಲ. ಆ ಎರಡು ಬೆರಳಿನ ಸಂದಿಯಿಂದ ಬರುವ ತಣ್ಣನೆಯ ಗಾಳಿಯೇ ದಿನವಿಡೀ ನನಗೆ ಸಿಗುವ ಗಾಳಿ.

ಇವತ್ತು ಕಸ್ತೂರಬಾಯಿ ಬಂದಿದ್ದರು. ಅವರ ಗಾಜು ಪೂರ್ತಿ ಇಳಿಯಿತು. ಗಾಡಿ ಹೊಸದರಂತೆ ನಡೆಯುತ್ತಿದೆ, ಸಿಳ್ಳೆ ಇಲ್ಲ, ಏನೂ ಇಲ್ಲ ಎಂದು ಖುಷಿಯಿಂದ ಹೇಳಿದರು. ನಾನು ಇಲ್ಲಿ ಯಾಕೆ ಕೂತಿದ್ದೇನೆ ಎಂದು ಕೇಳಲಿಲ್ಲ. ಪಾಸು ಇಸಿದುಕೊಂಡು ಹೋದರು.

ಆಶಿಷನಿಗೆ ಹೇಳಿದೆ. ಅವನು ವಿಮೆ ಕಚೇರಿಯಲ್ಲಿ ಕಾರಕೂನ, ದಿನವೂ ಇಂಥವರನ್ನೇ ನೋಡುತ್ತಾನೆ. "ಗಾಡಿ ಅವರದು, ಗ್ಯಾರೇಜ್ ಅವರದು. ನಡುವ ನಿಂದೇನು?" ಎಂದ. ಸಿಟ್ಟು ಬಂತು. ಆಮೇಲೆ ಪಾತ್ರೆ ತೊಳೆಯುತ್ತ ಅದನ್ನೇ ಯೋಚಿಸಿದೆ.

೨೦ ಮೇ ೨೦೨೪, ಸೋಮವಾರ

ಅಮೃತಪ್ಪ ಪುಣೆಯ ಒಂದು ವರ್ಕ್‌ಶಾಪಿಗೆ ಹಾರಿದ. ಅಣ್ಣಾರಾಯರು ಮತ್ತೆ ಕರೆದರು. ಮತ್ತೆ ಚಹಾ. ಗಿರಾಕಿಗಳು ನಿಮ್ಮ ಮುಖ ನೋಡಿ ನಂಬುತ್ತಾರೆ, ಅದು ದೇವರು ಕೊಟ್ಟದ್ದು, ಗೇಟಿನಲ್ಲಿ ಯಾಕೆ ಹಾಳುಮಾಡಬೇಕು ಎಂದರು. ಗೇಟಿನಲ್ಲಿ ಕೂರಿಸಿದವರು ಬೇರೆ ಯಾರೋ ಎಂಬ ಹಾಗೆ.

ನಾನು, ಸುಳ್ಳು ಹೇಳುವುದು ನನ್ನಿಂದ ಆಗುವುದಿಲ್ಲ ಎಂದೆ.

"ಸುಳ್ಳು ಹೇಳ್ರಿ ಅಂತ ನಾ ಯಾವಾಗರೆ ಅಂದೀನೇನು?" ಎಂದರು ಅಣ್ಣಾರಾಯರು. "ಕೇಳಿದ್ದಕ್ಕ ಉತ್ತರ ಕೊಡ್ರಿ. ಕೇಳಲಾರದ್ದಕ್ಕ ಬ್ಯಾಡ. ಇಷ್ಟ."

ವಿಚಾರ ಮಾಡಿದರೆ ತಪ್ಪೇನೂ ಕಾಣಲಿಲ್ಲ. ಡಾಕ್ಟರು ರೋಗಿಗೆ ಕೇಳದ್ದನ್ನೆಲ್ಲ ಹೇಳುತ್ತಾನೆಯೇ? ಸುಳ್ಳು ಬೇರೆ, ಸುಮ್ಮನಿರುವುದು ಬೇರೆ. ನನ್ನ ಷರತ್ತಿನ ಮೇಲೆ ನನ್ನ ಟೇಬಲು ತಿರುಗಿ ಸಿಕ್ಕಿತು ಎಂದೇ ಹೇಳಬೇಕು. ಅವ್ವನಿಗೆ ಫೋನು ಮಾಡಿ ಹೇಳಿದೆ.

೧೭ ಆಗಸ್ಟ್ ೨೦೨೪, ಶನಿವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಿಲ್ಲ.

ಈ ತಿಂಗಳು ನಾಲ್ಕು ಟರ್ಬೊ ಕೆಲಸ. ಪೈಪಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಿಳಿ ಗಾಡಿಯವನು ಸೀಟಿನ ಚರ್ಮಕ್ಕೆ ಹೊಂದುವ ಬಣ್ಣದ ಚಾಪೆ ಇದೆಯೇ ಎಂದು ನನ್ನ ತಲೆ ತಿಂದ. ಇಂಜಿನ್ನಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಇಂಥವರಿಗೆ ಯಾಕೆ ಹೇಳಬೇಕು?

೨೧ ಅಕ್ಟೋಬರ್ ೨೦೨೪, ಸೋಮವಾರ

ಹಳೆಯ ಗಾಡಿ ಕೊಂಡು ಮಾರುವುದೂ ನಮ್ಮಲ್ಲಿ ಇದೆ. ಒಬ್ಬ ಬಿಲ್ಡರು ತನ್ನ ಕಪ್ಪು ಗಾಡಿಯನ್ನು ನಮಗೇ ಮಾರಿ ಹೋದ. ಎಂಟು ವರ್ಷದ್ದು. ಹೊರಗಿನಿಂದ ನೋಡಿದರೆ ನಿನ್ನೆ ಶೋರೂಮಿನಿಂದ ಇಳಿದಂತಿದೆ, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ಭೀಮಣ್ಣ ಎಣ್ಣೆಯ ಫಿಲ್ಟರು ಕತ್ತರಿಸಿ ನನ್ನ ಮುಂದೆ ಹಿಡಿದ. ಮಡಿಕೆಗಳಲ್ಲಿ ಲೋಹದ ಪುಡಿ ಮಿಂಚುತ್ತಿತ್ತು. ಟರ್ಬೊದ ಬೇರಿಂಗು ಸವೆದು ಪುಡಿಯಾಗಿ ಇಂಜಿನ್ನಿನಲ್ಲೆಲ್ಲ ಸುತ್ತಾಡಿ ಬಂದಿದೆ. ಇನ್ನು ಅದು ಹತ್ತು ಸಾವಿರ ಓಡೀತೋ ಹತ್ತು ಕಿಲೋಮೀಟರ್ ಓಡೀತೋ ಯಾರೂ ಹೇಳಲಾರರು.

ಅಣ್ಣಾರಾಯರು ಬಂದು ನೋಡಿದರು. ಇಂಜಿನ್ ತೊಳೆಯಿರಿ, ದಪ್ಪನೆಯ ಎಣ್ಣೆ ತುಂಬಿರಿ, ಮಾರಾಟದ ಸಾಲಿನಲ್ಲಿ ಮುಂದೆ ನಿಲ್ಲಿಸಿರಿ ಎಂದರು. ದಪ್ಪ ಎಣ್ಣೆ ಹಾಕಿದರೆ ಸದ್ದು ಕೆಲವು ತಿಂಗಳು ಅಡಗುತ್ತದೆ. ಭೀಮಣ್ಣ ನನ್ನ ಮುಖ ನೋಡಿದ. ನನ್ನನ್ನು ಯಾಕೆ ನೋಡುತ್ತಾನೆ? ಎಣ್ಣೆ ತುಂಬುವವನು ಅವನು.

೨೫ ನವೆಂಬರ್ ೨೦೨೪, ಸೋಮವಾರ

ಇವತ್ತು ಸುಮೇಧ ಬಂದಿದ್ದ. ಎಷ್ಟು ವರ್ಷವಾಗಿತ್ತು ನೋಡಿ. ಅವನ ತಾಯಿ ಹಿರಾಮಾವಶಿ, ನನಗೆ ಚಿಕ್ಕಮ್ಮನ ಹಾಗೆ, ಅಕ್ಕಲಕೋಟೆಯ ಶಾಲೆಯಲ್ಲಿ ಜವಾನ ಕೆಲಸದಲ್ಲಿದ್ದರು, ನನ್ನ ಅವ್ವ ಅದೇ ಶಾಲೆಯ ಕಚೇರಿಯಲ್ಲಿ. ಸಂಜೆ ಶಾಲೆಯ ಕೀಲಿ ಹಾಕಿ ಮಾವಶಿ ಬರುವವರೆಗೆ ಸುಮೇಧ ನಮ್ಮ ಮನೆಯಲ್ಲಿ ಕೂತು ನನ್ನಿಂದ ಗಣಿತ ಹೇಳಿಸಿಕೊಳ್ಳುತ್ತಿದ್ದ. ನಾನು ಹೇಳಿದ ಉತ್ತರವನ್ನು ಒಂದು ದಿನವೂ ಪುಸ್ತಕದ ಹಿಂದೆ ತೆಗೆದು ನೋಡಿದವನಲ್ಲ.

ತಾಯಿ ಮಗ ಈಗ ತಮ್ಮ ಊರು ನಾಗಣಸೂರಿನಲ್ಲೇ ಇದ್ದಾರೆ. ಅವರ ಹೊಲ ಹೊಸ ಹೆದ್ದಾರಿಗೆ ಹೋಯಿತು. ಬಂದ ಪರಿಹಾರವನ್ನು ಕುಡಿದು ಕಳೆದವರು ಊರಲ್ಲಿ ಬಹಳ ಜನ, ತಾನು ದುಡಿಮೆಗೆ ಹಾಕುತ್ತೇನೆ ಎಂದ. ಇಷ್ಟು ವರ್ಷ ಬೇರೆಯವರ ಗಾಡಿ ಓಡಿಸಿದ್ದಾನೆ. ಮುಂಬೈ, ನಾಶಿಕದಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಇಳಿಯುವ ಉಳ್ಳವರನ್ನು ಅಕ್ಕಲಕೋಟೆಗೆ, ಅಲ್ಲಿಂದ ಗಾಣಗಾಪುರಕ್ಕೆ ಕರೆದೊಯ್ಯುವ ವಿಚಾರ. ಅಂಥವರಿಗೆ ದೊಡ್ಡ ಗಾಡಿಯೇ ಬೇಕು, ಸಣ್ಣದಕ್ಕೆ ಹತ್ತುವುದಿಲ್ಲ ಎಂದ.

ನೇರ ಕಪ್ಪು ಗಾಡಿಯ ಹತ್ತಿರ ಹೋಗಿ ನಿಂತ. ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ಎಮ್ಮೆಯ ಬೆನ್ನು ಸವರುವ ಹಾಗೆ.

ನಾನು ನನ್ನ ಕೈಲಾದಷ್ಟು ಮಾಡಿದೆ, ಅದನ್ನು ಇಲ್ಲಿ ಬರೆದಿಡಬೇಕು. ಹಿಂದಿನ ಸಾಲಿನಲ್ಲಿದ್ದ ಟರ್ಬೊ ಇಲ್ಲದ ಹಳೆಯ ಏಳು ಸೀಟಿನದನ್ನು ತೋರಿಸಿದೆ. ಅದು ಗಟ್ಟಿ, ರಿಪೇರಿ ಕಡಿಮೆ ಎಂದೆ. ನಕ್ಕ. ಅದರಲ್ಲಿ ಮದುವೆಯ ದಿಬ್ಬಣ ಹೋಗುತ್ತದೆ ಅಕ್ಕಾ, ನಾಶಿಕದ ಸೇಠ್ ಹತ್ತುವುದಿಲ್ಲ ಎಂದ. ಅಣ್ಣಾರಾಯರು ಗಾಜಿನ ಕೋಣೆಯಿಂದ ನೋಡುತ್ತಿದ್ದರು. ಹೊಸ ವರ್ಷದೊಳಗೆ ಸರ್ವಿಸ್ ಮ್ಯಾನೇಜರನ ಕುರ್ಚಿ ತುಂಬಬೇಕು, ನಿಮ್ಮ ಹೆಸರೇ ಮನಸ್ಸಿನಲ್ಲಿದೆ ಎಂದು ಹೋದ ವಾರವಷ್ಟೇ ಹೇಳಿದ್ದರು.

ಆಗ ಸುಮೇಧ ಕೇಳಿದ.

"ಅಕ್ಕಾ, ನನಗ ಬ್ಯಾರೆ ಯಾರ ಮಾತೂ ಬ್ಯಾಡ. ನೀ ಹೇಳು. ಇಂಜಿನ್ ಚಲೋ ಅದ ಏನು?"

"ನಮ್ಮ ಕಡಿ ಪೂರಾ ಚೆಕ್ ಆಗ್ಯಾದ," ಎಂದೆ.

ಚೆಕ್ ಆಗಿದೆ. ಭೀಮಣ್ಣ ಫಿಲ್ಟರು ಕತ್ತರಿಸಿ ನೋಡಿದ್ದಾನೆ, ನಾನೂ ನೋಡಿದ್ದೇನೆ. ಆ ಮಾತಿನಲ್ಲಿ ಸುಳ್ಳು ಎಲ್ಲಿದೆ? ಚೆಕ್ ಮಾಡಿದಾಗ ಏನು ಕಂಡಿತು ಎಂದು ಅವನು ಕೇಳಲಿಲ್ಲ. ಇನ್ನೊಂದು ಪ್ರಶ್ನೆ ಕೇಳಬಹುದಿತ್ತು, ನಾನು ಅಲ್ಲೇ ನಿಂತಿದ್ದೆ. ಅವನು ಆಗಲೇ ಬಾಗಿಲು ತೆರೆದು ಒಳಗೆ ಕೂತು ಸ್ಟೇರಿಂಗು ಹಿಡಿದಿದ್ದ.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಬಿಸಿಲಿಗೆ ಇರಬೇಕು.

೨೮ ನವೆಂಬರ್ ೨೦೨೪, ಗುರುವಾರ

ಗಾಡಿ ಒಯ್ಯಲು ಸುಮೇಧನ ಜೊತೆ ಹಿರಾಮಾವಶಿಯೂ ಬಂದಿದ್ದರು. ಬಿಳಿ ಸೀರೆ, ಕೈಯಲ್ಲಿ ಮಲ್ಲಿಗೆ ದಂಡೆ. ಡ್ಯಾಶ್‌ಬೋರ್ಡಿನ ಮೇಲೆ ಸಣ್ಣ ಬುದ್ಧನ ಮೂರ್ತಿ ಅಂಟಿಸಿ, ದಂಡೆ ಇಟ್ಟು, ಕಣ್ಣು ಮುಚ್ಚಿ ನಿಂತರು. ಆಮೇಲೆ ನನ್ನ ಗಲ್ಲ ಹಿಡಿದರು.

"ಅನು, ನೀ ನೋಡೀದಿ ಅಂದ ಮ್ಯಾಲೆ ನಾವೇನ್ ನೋಡೂದದ," ಎಂದರು.

ನನಗಾಗಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದಿದ್ದರು. ಅಣ್ಣಾರಾಯರು ಫೋಟೊ ತೆಗೆಸಿದರು. ಮೂರು ತಿಂಗಳ ಗ್ಯಾರಂಟಿ ಎಂದು ಎಲ್ಲರ ಮುಂದೆ ಹೇಳಿದರು. ಸುಮೇಧ ಎಷ್ಟು ಮೆಲ್ಲಗೆ ಗೇಟು ದಾಟಿಸಿದನೆಂದರೆ, ಒಳಗೆ ಯಾರೋ ಕೂಸನ್ನು ಮಲಗಿಸಿದ್ದಾರೋ ಎಂಬ ಹಾಗೆ.

ಚಟ್ನಿಯನ್ನು ಆಶಿಷನಿಗೆ ಕೊಟ್ಟೆ. ಬಹಳ ಖಾರ ಎಂದು ನಾನು ತಿನ್ನಲಿಲ್ಲ.

೨ ಡಿಸೆಂಬರ್ ೨೦೨೪, ಸೋಮವಾರ

ಸರ್ವಿಸ್ ಮ್ಯಾನೇಜರ್. ಹೋಟಗಿ ರಸ್ತೆಯ ಯಾವ ವರ್ಕ್‌ಶಾಪಿನಲ್ಲೂ ಈ ಕುರ್ಚಿಯಲ್ಲಿ ಹೆಂಗಸಿಲ್ಲ. ಗಾಜಿನ ಕೋಣೆಯಲ್ಲಿ ನನಗೂ ಒಂದು ಮೂಲೆ, ಎಸಿ ನನ್ನ ಕಡೆಗೇ ಬೀಸುತ್ತದೆ.

೧೮ ಜನವರಿ ೨೦೨೫, ಶನಿವಾರ

ಸುಮೇಧನ ಫೋನು. ಎಣ್ಣೆ ಕಡಿಮೆಯಾಗುತ್ತಿದೆ, ಮೇಲಿಂದ ಮೇಲೆ ಹಾಕಬೇಕಾಗಿದೆ ಅಕ್ಕಾ ಎಂದ. ದೊಡ್ಡ ಇಂಜಿನ್ನು ಸ್ವಲ್ಪ ಎಣ್ಣೆ ಕುಡಿಯುವುದು ಸಹಜ, ಹಾಕುತ್ತಿರು ಎಂದೆ. ಕಂಪನಿಯ ಪುಸ್ತಕದಲ್ಲೂ ಹಾಗೇ ಬರೆದಿದೆ. ಗಿರಾಕಿಗಳು ಬರತೊಡಗಿದ್ದಾರಂತೆ. ಸಂಕ್ರಾಂತಿಯ ಎಳ್ಳು ಕೊಡಲು ಬರುತ್ತೇನೆ ಎಂದ. ಕೆಲಸ ಬಹಳ ಇದೆ, ಈಗ ಬೇಡ ಎಂದೆ.

೨೦ ಫೆಬ್ರವರಿ ೨೦೨೫, ಗುರುವಾರ

ಮತ್ತೆ ಸುಮೇಧ. ಬೆಳಿಗ್ಗೆ ಚಾಲೂ ಮಾಡಿದರೆ ನೀಲಿ ಹೊಗೆ ಬರುತ್ತದೆ, ಏರಿನಲ್ಲಿ ಸಿಳ್ಳೆ ಕೇಳುತ್ತದೆ, ಒಮ್ಮೆ ತಂದು ತೋರಿಸಲೇ ಎಂದು ಕೇಳಿದ. ಅಣ್ಣಾರಾಯರನ್ನು ಕೇಳಿದೆ. ಅವರು ಕ್ಯಾಲೆಂಡರು ನೋಡಿ, ಗ್ಯಾರಂಟಿ ತಿಂಗಳ ಕೊನೆಗೆ ಮುಗಿಯುತ್ತದೆ, ಮೂರನೇ ತಾರೀಖಿಗೆ ಕರೆಯಿರಿ ಎಂದರು.

ಸುಮೇಧನಿಗೆ ಮೂರನೇ ತಾರೀಖು ಹೇಳಿದೆ. ಅಲ್ಲಿಯವರೆಗೆ ಓಡಿಸಬಹುದೇ ಎಂದು ಕೇಳಿದ. ಮೆಲ್ಲಗೆ ಓಡಿಸು ಎಂದೆ. "ಹೂಂ ಅಕ್ಕಾ," ಎಂದ. ಅವನಿಗೆ ಎಲ್ಲದಕ್ಕೂ ಹೂಂ. ಇಷ್ಟು ನಂಬುವವರು ಇಂಥ ಗಾಡಿ ಯಾಕೆ ಕೊಳ್ಳಬೇಕು? ಇಂಥ ಗಾಡಿ ಇಟ್ಟುಕೊಳ್ಳಲು ಅನುಮಾನ ಪಡುವುದು ಗೊತ್ತಿರಬೇಕು. ನಾಲ್ಕು ಕಡೆ ಕೇಳಬೇಕು, ಇನ್ನೊಂದು ಗ್ಯಾರೇಜಿಗೆ ತೋರಿಸಬೇಕು. ಅವನನ್ನು ಯಾರು ತಡೆದಿದ್ದರು?

೨ ಮಾರ್ಚ್ ೨೦೨೫, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಸುಮೇಧನ ನಂಬರಿನಿಂದ ಫೋನು ಬಂತು. ಮಾತಾಡಿದವನು ಬೇರೆ ಯಾರೋ, ವಳಸಂಗದಲ್ಲಿ ಚಹಾದಂಗಡಿ ನಡೆಸುವ ತುಕಾರಾಮ ಎಂಬವನು. ಈ ಗಾಡಿಯವನು ಫೋನಿನಲ್ಲಿ ‘ಅಕ್ಕ’ ಎಂದು ಇದ್ದ ನಂಬರಿಗೆ ಹಚ್ಚಿಕೊಡಲು ಹೇಳಿದ, ಅದಕ್ಕೆ ಹಚ್ಚಿದೆ ಎಂದ.

ಅವನು ಹೇಳಿದ್ದು: ಗಾಡಿ ಅಕ್ಕಲಕೋಟೆ ಕಡೆಗೆ ಹೊರಟಿತ್ತು, ಹಿಂದೆ ನಾಶಿಕದ ಮುದುಕ ಮುದುಕಿ. ವಳಸಂಗದ ಬಸ್‌ಸ್ಟ್ಯಾಂಡಿನ ಹತ್ತಿರ ಇಂಜಿನ್ನು ತಾನಾಗಿಯೇ ಅರಚತೊಡಗಿತು. ಸುಮೇಧ ಕಾಲು ತೆಗೆದರೂ ಏರುತ್ತಲೇ ಹೋಯಿತು. ಬ್ರೇಕಿನ ಮೇಲೆ ನಿಂತು, ನ್ಯೂಟ್ರಲ್ ಮಾಡಿ, ಜನರಿಂದ ಆಚೆಗೆ ತಂದು ನಿಲ್ಲಿಸಿ, ಬಟನ್ನು ಒತ್ತಿ ಆರಿಸಿದ. ಆರಲಿಲ್ಲ. ಊರೆಲ್ಲ ಹೊಗೆ. ಆ ಇಬ್ಬರನ್ನು ಇಳಿಸಿ ದೂರ ಕಳಿಸಿದ. ಗಾಳಿ ಹೋಗುವ ಬಾಯಿಗೆ ಬಟ್ಟೆ ತುರುಕಿದರೆ ಉಸಿರು ಕಟ್ಟಿ ನಿಲ್ಲುತ್ತದೆ ಎಂದು ಯಾರೋ ಕೂಗಿದರು. ಅವನು ಅಂಗಿ ಬಿಚ್ಚಿ, ಬಾನೆಟ್ಟು ಎತ್ತಿ ಕೈ ಹಾಕಿದ. ಆಗ ಒಳಗೆ ಏನೋ ಒಡೆಯಿತು.

ಟರ್ಬೊದೊಳಗೆ ಎಣ್ಣೆ ತಡೆಯುವ ಸೀಲು ಪೂರ್ತಿ ಹೋದರೆ ಡೀಸೆಲ್ ಇಂಜಿನ್ನು ತನ್ನದೇ ಎಣ್ಣೆಯನ್ನು ಕುಡಿದು ಓಡುತ್ತದೆ. ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಎಣ್ಣೆ ಮುಗಿಯುವವರೆಗೆ ಅಥವಾ ಇಂಜಿನ್ನು ಛಿದ್ರವಾಗುವವರೆಗೆ. ಓದಿದ್ದೆ, ನೋಡಿರಲಿಲ್ಲ.

ಅಣ್ಣಾರಾಯರಿಗೆ ತಿಳಿಸಿದೆ. ಬೇರೆ ಯಾರೂ ಬಿಚ್ಚಿ ನೋಡುವ ಮೊದಲು ಗಾಡಿ ಇಲ್ಲಿಗೆ ಬರಬೇಕು ಎಂದರು. ಎಳೆದು ತರುವ ಲಾರಿಯ ಜೊತೆ ಭೀಮಣ್ಣನನ್ನು ಕರೆದುಕೊಂಡು ನಾನೇ ಹೋದೆ. ರಸ್ತೆಯ ಮೇಲೆ ಎಣ್ಣೆ, ಮಣ್ಣು, ಅಂಗಿಯ ಸುಟ್ಟ ತುಂಡು. ಸುಮೇಧನನ್ನು ಅಷ್ಟರಲ್ಲಿ ಜೀಪಿನಲ್ಲಿ ಸೊಲ್ಲಾಪುರದ ದವಾಖಾನೆಗೆ ಒಯ್ದಿದ್ದರು. ಸಂಜೆಯೊಳಗೆ ಗಾಡಿ ನಮ್ಮ ಶೆಡ್ಡಿನ ಒಳಗಿತ್ತು. ಎಲ್ಲ ಅಚ್ಚುಕಟ್ಟಾಗಿ ಆಯಿತು. ಭೀಮಣ್ಣ ಬರುವಾಗ ನನ್ನ ಪಕ್ಕ ಕೂರದೆ ಲಾರಿಯ ಹಿಂದೆ ಗಾಡಿಯ ಜೊತೆ ಕೂತು ಬಂದ.

ಆಶಿಷ ಕೇಳಿದ, "ಆ ಇಂಜಿನ್ ಹಂಗದ ಅಂತ ಅವಗ ನೀ ಮೊದಲ ಹೇಳಿದ್ದಿ ಏನು?"

ಗಾಡಿ ಅವರದು, ಗ್ಯಾರೇಜ್ ಅವರದು ಎಂದು ನನಗೆ ಬುದ್ಧಿ ಹೇಳಿದವನು ನೀನೇ ಎಂದೆ. ಅವನು ತಟ್ಟೆ ಎತ್ತಿಕೊಂಡು ಹೊರಗೆ ಹೋದ.

೬ ಮಾರ್ಚ್ ೨೦೨೫, ಗುರುವಾರ

ದವಾಖಾನೆಗೆ ಹೋಗಿ ಬಂದೆ. ಹೋಗದಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲ. ಅಣ್ಣಾರಾಯರು ಹಣ್ಣು ಕಳಿಸಿದ್ದರು.

ಬಲಗೈ ಮೊಣಕೈವರೆಗೆ ಪಟ್ಟಿ. ಮೂರು ಬೆರಳು ತೆಗೆದಿದ್ದಾರೆ, ಉಳಿದವು ಮಡಿಯುತ್ತವೋ ಇಲ್ಲವೋ ಮುಂದೆ ನೋಡಬೇಕಂತೆ. ಕುತ್ತಿಗೆಯ ಒಂದು ಬದಿ ಸುಟ್ಟಿದೆ. ನನ್ನನ್ನು ನೋಡಿ ಏಳಲು ನೋಡಿದ. ಹಾಸಿಗೆಯ ಪಕ್ಕದ ಸ್ಟೂಲಿನಿಂದ ಅವನ ತಾಯಿ ಹಿರಾಬಾಯಿ ಎದ್ದು ನನಗೆ ಜಾಗ ಬಿಟ್ಟಳು. ವಳಸಂಗದಲ್ಲಿ ಯಾರಿಗೂ ಏನೂ ಆಗಲಿಲ್ಲ, ಆ ಮುದುಕ ಮುದುಕಿಯೂ ಆರಾಮ ಮನೆಗೆ ಹೋದರು ಎಂದು ಮೂರು ಮೂರು ಸಲ ಹೇಳಿದಳು.

ಸುಮೇಧ ಚಾವಣಿ ನೋಡುತ್ತ ಕೇಳಿದ, "ಅಕ್ಕಾ, ಎಣ್ಣಿ ಹಾಕೂದ್ರಾಗ ನಾನ ಏನರೆ ತಪ್ಪ ಮಾಡೀನೇನು? ಕೊಡುವಾಗ ಇಂಜಿನ್ ಚಲೋ ಇತ್ತಲ್ಲ?"

ಎರಡು ಪ್ರಶ್ನೆ. ಎರಡನ್ನೂ ನೇರವಾಗಿ ಕೇಳಿದ್ದ.

"ಚಲೋ ಇತ್ತು," ಎಂದೆ. "ನೀ ಎಣ್ಣಿ ಹೆಚ್ಚ ಹಾಕಿರಬೇಕು. ಹೆಚ್ಚಾದ್ರ ಹಿಂಗ ಆಗತದ."

ಅದು ಪೂರ್ತಿ ತಪ್ಪೂ ಅಲ್ಲ. ಎಣ್ಣೆ ಹೆಚ್ಚಾದರೂ ಹೀಗೆ ಆಗುವುದುಂಟು. ಕಾರಣ ಗೊತ್ತಾದರೆ ಮನುಷ್ಯನಿಗೆ ಸಮಾಧಾನವಾಗುತ್ತದೆ. ಸುಮೇಧನಿಗೂ ಆಯಿತು ಎಂದು ಕಾಣುತ್ತದೆ, ಕಣ್ಣು ಮುಚ್ಚಿದ. ನಿನ್ನ ಹೆಸರಿಗೆ ಕೆಟ್ಟದ್ದು ತಂದೆ ಅಕ್ಕಾ ಎಂದ. ಹಾಗೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ. ಹಿರಾಬಾಯಿ ಮಗನಿಗೇ ಗದರಿದಳು: ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಿದೆ, ಅನುಗೆ ಒಂದು ಮಾತು ಕೇಳಬಾರದಿತ್ತೇ ಎಂದು.

ಬರುವಾಗ ಸಾತ ರಸ್ತೆಯ ಚೌಕದಲ್ಲಿ ನಿಂತು ಕಬ್ಬಿನ ಹಾಲು ಕುಡಿದೆ. ಬಹಳ ದಿನದ ಮೇಲೆ ಹಸಿವಾಗಿತ್ತು.

೧೫ ಮಾರ್ಚ್ ೨೦೨೫, ಶನಿವಾರ

ಭೀಮಣ್ಣ ಕೆಲಸ ಬಿಟ್ಟ. ಕಾರಣ ಹೇಳಲಿಲ್ಲ. ಸೊಲ್ಲಾಪುರದಲ್ಲಿ ಮೆಕ್ಯಾನಿಕ್‌ಗಳಿಗೆ ಬರವಿಲ್ಲ.

ಕಪ್ಪು ಗಾಡಿಯ ಇಂಜಿನ್ನು ಗುಜರಿಗೆ ಹೋಯಿತು. ಬಾಗಿಲು, ಸೀಟು, ದೀಪ ಬಿಡಿಯಾಗಿ ಮಾರಾಟವಾಗುತ್ತವೆ.

೨೨ ಏಪ್ರಿಲ್ ೨೦೨೫, ಮಂಗಳವಾರ

ಮಧ್ಯಾಹ್ನ ಹಿರಾಬಾಯಿ ವರ್ಕ್‌ಶಾಪಿಗೆ ಬಂದಿದ್ದಳು, ಒಬ್ಬಳೇ. ನಾಗಣಸೂರಿನಿಂದ ಎಸ್‌ಟಿ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ಈ ಬಿಸಿಲಿನಲ್ಲಿ ನಡೆದುಕೊಂಡೇ ಬಂದಿರಬೇಕು, ಸೆರಗೆಲ್ಲ ಒದ್ದೆಯಾಗಿತ್ತು. ನಾನು ಒಂದು ಕ್ಷಣ ಹೆದರಿದೆ. ಗಿರಾಕಿಗಳು ಕೂತಿದ್ದರು, ಅವರ ಮುಂದೆ ಅತ್ತು ಕರೆದು ಮಾಡಿದರೆ ಏನು ಗತಿ? ಬೇಗ ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿದೆ. ಕೂರಲು ಹೇಳಿದರೆ ಕೂರಲಿಲ್ಲ. ಚಹಾ ತರಿಸಿದೆ, ಮುಟ್ಟಲಿಲ್ಲ. ಬಿಸಿಲಿನಿಂದ ಬಂದವರಿಗೆ ಚಹಾ ಬೇಡವಾಗುತ್ತದೆ.

"ಭೀಮಣ್ಣ ಮನಿಗಿ ಬಂದಿದ್ದ," ಎಂದಳು. "ಫಿಲ್ಟರಿನ್ಯಾಗ ಏನ್ ಕಂಡಿತ್ತು, ಎಲ್ಲಾ ಹೇಳ್ಯಾನ. ನೀವೂ ನೋಡಿದ್ರಿ ಅಂತ ಹೇಳ್ಯಾನ."

ನಾನು ಉತ್ತರ ಹುಡುಕುತ್ತಿದ್ದೆ. ಆದರೆ ಅವಳು ಏನನ್ನೂ ಕೇಳಿರಲಿಲ್ಲ. ಟೇಬಲ್ಲಿನ ಅಂಚು ಹಿಡಿದಳು.

"ಸುಮೇಧಗ ಇದು ಗೊತ್ತಿಲ್ಲ. ಭೀಮಣ್ಣ ಬಂದಾಗ ಅವನ್ನ ನಾನ ಹೊರಗ ಕರಕೊಂಡ ಹೋಗಿ ಕೇಳೀನಿ. ನೀವೂ ಹೇಳಬ್ಯಾಡ್ರಿ. ಎಂದೂ ಹೇಳಬ್ಯಾಡ್ರಿ. ಕೈ ಹೋದದ್ದು ಹ್ಯಾಂಗರೆ ತಡಕೊಂಡಾನ ನನ್ನ ಮಗ. ಇದು ತಡಕೊಳ್ಳೂದಿಲ್ಲ."

ಆಗಲಿ ಎಂದೆ. ಅವನಿಗೆ ಏನಾದರೂ ಕೆಲಸ ಬೇಕಾದರೆ ಅಣ್ಣಾರಾಯರಿಗೆ ಹೇಳಿ ನೋಡುತ್ತೇನೆ ಎಂದೂ ಹೇಳಿದೆ. ಬೇಡವೆಂದು ತಲೆಯಾಡಿಸಿದಳು. "ಇಷ್ಟ ಹೇಳೂದಿತ್ತು. ಬರ್ತೀನ್ರಿ, ಮ್ಯಾಡಂ," ಎಂದು ಬಾಗಿಲು ತಾನೇ ತೆರೆದುಕೊಂಡು ಹೊರಟಳು. ಡ್ರೈವರನಿಗೆ ಹೇಳಿ ಸ್ಟ್ಯಾಂಡಿನವರೆಗೆ ಬಿಡಿಸೋಣ ಎಂದು ನಾನು ಹೊರಗೆ ಬರುವಷ್ಟರಲ್ಲಿ ರಸ್ತೆ ದಾಟಿಬಿಟ್ಟಿದ್ದಳು.

ದೊಡ್ಡ ಮನಸ್ಸಿನ ಹೆಂಗಸು. ಬೇರೆ ಯಾರಾದರೂ ಆಗಿದ್ದರೆ ಪೊಲೀಸು, ಕೋರ್ಟು ಎಂದು ಗದ್ದಲ ಮಾಡುತ್ತಿದ್ದರು. ಇನ್ನು ಈ ವಿಷಯ ಮುಗಿದಂತೆ. ಮನಸ್ಸು ಹಗುರಾಯಿತು.

ಒಂದು ಮಾತು ನೆನಪಾಗಿ ಸಂಜೆ ಆಶಿಷನಿಗೆ ಹೇಳಿದೆ. ಚಿಕ್ಕಂದಿನಿಂದ ನನ್ನನ್ನು ಅನು ಅನು ಎಂದು ಏಕವಚನದಲ್ಲೇ ಕರೆದವಳು, ಇವತ್ತು ಬಂದಾಗಿನಿಂದ ಹೋಗುವವರೆಗೆ ‘ನೀವು’ ಬಿಟ್ಟು ಮಾತಾಡಲಿಲ್ಲ. ಕುರ್ಚಿಗೆ ಎಷ್ಟು ಮರ್ಯಾದೆ ನೋಡು ಎಂದೆ.

ಅವನು ನನ್ನನ್ನೇ ನೋಡುತ್ತ ಕೂತ.